ಸಂಕದ ಹಗ್ಗ

ನಮ್ಮ ಬಚ್ಚಲುಮನೆಯ ಹೊರಗೋಡೆಯ ಮೊಳೆಯಲ್ಲಿ ಒಂದು ಹಗ್ಗ ನೇತಾಡುತ್ತದೆ. ಹೆಬ್ಬೆರಳು ದಪ್ಪದ್ದು, ಹೊಗೆ ಹಿಡಿದು ಕಪ್ಪಾದದ್ದು. ನಿಮಗೆ ಅದು ದನ ಕಟ್ಟುವ ಹಗ್ಗದ ಹಾಗೆ ಕಂಡೀತು. ನಮ್ಮ ಊರಿನ ಚರಿತ್ರೆ ಅಂತ ಉಳಿದಿರುವುದು ಅದೊಂದೇ ಮಾರಾಯ್ರೆ.

ಊರೆಂದರೆ ಮಂಡೆಕೋಲಿನಿಂದ ಒಳಗೆ, ತೋಡು, ಅಂದರೆ ಹಳ್ಳ, ದಾಟಿದರೆ ಸಿಗುವ ಐದು ಮನೆ. ಮೇ ಕೊನೆಗೆ ಬರುವ ಪತ್ತನಾಜೆ ಹಬ್ಬ ಕಳೆದದ್ದೇ, ಮಳೆ ಹಿಡಿಯುವ ಮೊದಲು, ಮನೆಗೊಂದರಂತೆ ಅಡಕೆ ಮರ ಹೊತ್ತು ತಂದು, ಐದನ್ನೂ ಜೋಡಿಸಿ ತೋಡಿಗೆ ಸಂಕ ಹಾಕುವುದು ನಮ್ಮ ಕ್ರಮ. ಕೈಗೆ ಆಧಾರವಾಗಿ ಕಟ್ಟುವ ಹಗ್ಗ ನಮ್ಮ ಮನೆಯದ್ದು; ನಮ್ಮ ದಡದಲ್ಲೊಬ್ಬ, ಆಚೆ ದಡದಲ್ಲೊಬ್ಬ ನಿಂತು ಎಳೆದು ಬಿಗಿಯಬೇಕು. ಹೊರಗಿನವರು ನಮ್ಮನ್ನು ಸಂಕದಬುಡದವರು ಎನ್ನುತ್ತಿದ್ದರು. ನಾವು ಹಾಗೆ ಹೇಳಿಕೊಳ್ಳುವುದು ಎಲ್ಲಿಯಾದರೂ ಉಂಟಾ! ನಮಗೆ ಮನೆಗೊಂದು ಹೆಸರು, ಹೆಸರಿಗೊಂದು ಗತ್ತು.

ಆ ಗತ್ತೇ ನಮ್ಮನ್ನು ತಿಂದಿತು. ಸೇತುವೆಗೆ ಅರ್ಜಿ ಹಾಕಿ, ಕೊನೆಗೂ ಒಬ್ಬರು ನೋಡಲು ಬಂದು ಊರಿನ ಹೆಸರು ಕೇಳಿದಾಗ, ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಕಲಿಸಿದ ಈ ಮಹಾಶಯನೇ ಮೊದಲು ಬಾಯಿ ತೆರೆದು ‘ಮೇಲಿನಮೂಲೆ’ ಎಂದೆ. ಅದು ನನ್ನ ಮನೆಯ ಹೆಸರು. ಉಳಿದವರು ಬಿಡುತ್ತಾರೆಯೇ? ಒಬ್ಬೊಬ್ಬರು ಒಂದೊಂದು ಬರೆಸಿದರು. ಕಾಗದದಲ್ಲಿ ಒಂದು ಊರಿನ ಬದಲು ಐದು ಒಂಟಿ ಮನೆಗಳಾದವು; ಒಂಟಿ ಮನೆಗೆ ಸೇತುವೆ ಕೊಡುವುದಿಲ್ಲವೆಂದು ಅರ್ಜಿ ಹಿಂದೆ ಬಂತು. ಮತ್ತೆ ಹಾಕಲು ಹೊರಟರೆ, ಯಾವ ಹೆಸರು ಎಂಬ ಚರ್ಚೆಯಲ್ಲೇ ಮಳೆಗಾಲಗಳು ಕಳೆದವು. ಒಂದೊಂದೇ ಮನೆ ರಸ್ತೆ ಬದಿಗೆ ಹೋಯಿತು, ಸಂಕದಲ್ಲಿ ಒಂದೊಂದೇ ಮರ ಕಮ್ಮಿಯಾಯಿತು. ಊರಿನ ಮೇಲೆ ನಮಗೆ ಪ್ರೀತಿ ಇರಲಿಲ್ಲವೆಂದಲ್ಲ. ಊರು ನಮ್ಮ ನಮ್ಮ ಹಿತ್ತಿಲ ಬೇಲಿಗೆ ಮುಗಿಯುತ್ತದೆಂದು ನಂಬಿದ್ದೆವು, ಅಷ್ಟೆ. ಬೇಸರ ಎಂದರೆ ಸಾಲದು, ನನಗೆ ನಾಚಿಕೆಯಾಗುತ್ತದೆ.

ಕಳೆದ ಪತ್ತನಾಜೆಗೆ ಉಳಿದದ್ದು ಎರಡು ಒಂಟಿ ಜೀವ: ನಾನು ಮತ್ತು ನೆರೆಮನೆಯ ಕಮಲಕ್ಕ. ಅವರೂ ಸುಳ್ಯದಲ್ಲಿರುವ ಮಗಳ ಮನೆಗೆ ಹೊರಟರು. ಹೊರಡುವ ಬೆಳಿಗ್ಗೆಯೂ ಆಳು ಕರೆದು ತಮ್ಮ ಪಾಲಿನ ಮರ ಹಾಕಿಸಿದರು.

“ಹೋಗುವವರಿಗೆ ಸಂಕ ಯಾಕೆ ಕಮಲಕ್ಕ?” ಎಂದೆ.

“ಹಾಕದೆ ಹೋಗುದು ಹೇಗೆ ಮಾಷ್ಟ್ರೇ, ಕ್ರಮ ಅಲ್ವಾ?”

ಎರಡೇ ಮರದ ಮೇಲೆ ಚೀಲ ಹಿಡಿದು ಮೆಲ್ಲ ದಾಟಿದರು. ಆಚೆ ದಡದಲ್ಲಿ ಹಗ್ಗದ ತುದಿ ಹಿಡಿದು ನಿಂತು ಕೂಗಿ ಕೇಳಿದರು: “ಅಲ್ಲಿ ಯಾವ ಊರು ಅಂತ ಕೇಳಿದ್ರೆ ಎಂತ ಹೇಳುದು?”

ನಾನು ಈಚೆ ತುದಿಯನ್ನು ಕೈಗೆ ಸುತ್ತಿಕೊಂಡೆ.

“ಸಂಕದಬುಡ ಅಂತ ಹೇಳಿ.”

ನನ್ನ ಬಾಯಿಂದ ಆ ಹೆಸರು ಹೊರಟದ್ದು ಅದೇ ಮೊದಲು. ಅವರು ತಲೆಯಾಡಿಸಿ, ಹಗ್ಗ ಎಳೆದು ಬಿಗಿದು ಕಟ್ಟಿ ಹೋದರು.

ಮಳೆಗಾಲ ಮುಗಿದ ಮೇಲೆ ಅದನ್ನು ನಾನೇ ಬಿಚ್ಚಿ ತಂದು ಮೊಳೆಗೆ ಹಾಕಿದ್ದೇನೆ. ಬರುವ ಪತ್ತನಾಜೆಗೆ ಈ ತುದಿ ಹಿಡಿಯಲು ನಾನಿದ್ದೇನೆ. ಆಚೆಯಿಂದ ಎಳೆಯುವವರಿಲ್ಲ.