ಧೂಳು ಕೇಳಿಕೊಂಡು ಬಂದ ಅಕ್ಕೋರು

ಅವರ ಬಲಗೈ ಬೆರಳಿನ ತುದಿಗಳು ಬಿಳಿಚಿಕೊಂಡು ಸಿಪ್ಪೆ ಎದ್ದಿರುತ್ತಿದ್ದವು. ಬಾಟಲಿ ತೊಳೆಯುವ ಔಷಧಿಯಿಂದ ಹಾಗಾದದ್ದೆಂದು ಆಮೇಲೆ ತಿಳಿಯಿತು. ಕಂದುಬಣ್ಣದ ಪುಟ್ಟ ಗಾಜಿನ ಬಾಟಲಿಗಳನ್ನು ಬೆಳ್ಳಿ ಹಾಳೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಬೈಲಹೊಂಗಲದ ನಮ್ಮ ಓಣಿಗೆ ಬರುತ್ತಿದ್ದರು. ಮುಖಕ್ಕೆ ಪೌಡರ್ ಇಲ್ಲ, ಉಗುರಿಗೆ ಬಣ್ಣವಿಲ್ಲ, ಸದಾ ನೂಲಿನ ಸೀರೆ. ಎಲ್ಲರೂ ಅವರನ್ನು ಧೂಳಿನ ಅಕ್ಕೋರು ಎನ್ನುತ್ತಿದ್ದೆವು.

ಫೋಮು, ಟಿ.ವಿ. ಪೆಟ್ಟಿಗೆ, ಗಾಡಿಯ ಸೀಟು ಬೇಗ ಹೊತ್ತಿಕೊಳ್ಳಬಾರದೆಂದು ಬ್ರೋಮಿನ್ ಇರುವ ರಾಸಾಯನಿಕ ಬೆರೆಸುತ್ತಾರಂತೆ. ಅದು ಮೆಲ್ಲಗೆ ಉದುರಿ ಧೂಳಿಗೆ, ಧೂಳಿನಿಂದ ನಮ್ಮ ರಕ್ತಕ್ಕೆ ಸೇರುತ್ತದಂತೆ. ಎಷ್ಟು ಸೇರಿದೆ ಎಂದು ಅಳೆಯುವ ಪ್ರಯೋಗಾಲಯವೊಂದರಲ್ಲಿ ಅವರ ಕೆಲಸ. ಓಣಿಯ ಹೆಣ್ಣುಮಕ್ಕಳು ನಗುತ್ತ ನಗುತ್ತ ರಕ್ತ ಕೊಟ್ಟೆವು. ಕೆಲವು ವಾರ ಬಿಟ್ಟು ಅವರ ಫೋನು ಬಂತು. ಉಳಿದವರಿಗಿಂತ ನನ್ನ ರಕ್ತದಲ್ಲಿ ಬಹಳ ಹೆಚ್ಚಿತ್ತು. ನಾಳೆ ಧೂಳು ತೆಗೆದುಕೊಳ್ಳಲು ಬರುತ್ತೇನೆ, ಕಸ ಹೊಡೆಯಬೇಡ ಎಂದರು.

ಆಗ ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ಇನ್ನೂ ನನ್ನ ಹಾಲನ್ನೇ ಕುಡಿಯುತ್ತಿದ್ದಳು.

ಕಾನ್ವೆಂಟಿನಲ್ಲಿ ದಿನಾ ಉಗುರು, ಕರ್ಚೀಫು ತೋರಿಸಿ ತರಗತಿಯೊಳಗೆ ಹೋದವಳು ನಾನು. ಬರುವವರಿಗೆ ಮನೆಯ ಕಸ ತೋರಿಸುವುದು ನನ್ನಿಂದಾಗಲಿಲ್ಲ. ಬೆಳಿಗ್ಗೆ ಎದ್ದವಳೇ ಮೂಲೆಮೂಲೆ ಗುಡಿಸಿ, ಎರಡು ಸಲ ನೆಲ ಒರೆಸಿದೆ. ಆಮೇಲೆ, ರಕ್ತದಲ್ಲಿರುವುದು ಹಾಲಿಗೂ ಇಳಿದೀತೆಂಬ ಅತ್ತೆಯ ಮಾತಿನಂತೆ, ಹಾಲು ಬಿಡಿಸುವುದಕ್ಕೆಂದು ಬೇವಿನ ಎಲೆ ಅರೆದು ಬಟ್ಟಲಲ್ಲಿಟ್ಟೆ.

ಅಕ್ಕೋರು ಬಂದು ಹೊಳೆಯುವ ನೆಲ ನೋಡಿದರು. ಬಟ್ಟಲು ನೋಡಿದರು.

"ಮದ್ಲ ಆ ಬೇವು ಚೆಲ್ಲಿ ಬಾ ತಂಗಿ. ಹಾಲ ಬಿಡಸಬ್ಯಾಡ. ಕೂಸಿಗೆ ಅದರಿಂದ ಛಲೋದ ಭಾಳ ಆಗತೈತಿ. ಬೇಕಂದ್ರ ಡಾಕ್ಟರನ್ನೂ ಕೇಳು."

ಧೂಳಿನ ಮಾತು ಬಂದಾಗ ಅತ್ತೆ ದಾರಿ ಹುಡುಕಿದರು. "ಧೂಳಾನ ಬೇಕಲ್ಲ, ಮಗ್ಗಲ ಮನ್ಯಾಗಿಂದ ತರತೇನಿ. ಅವರ ಮನ್ಯಾಗ ಬೇಕಾದಷ್ಟ ಐತಿ."

ಅಕ್ಕೋರು ನಕ್ಕರು, ಆದರೆ ಒಪ್ಪಲಿಲ್ಲ. ಒರೆಸಿದ ನೆಲದಿಂದ ಏನಾದರೂ ಕೆರೆದುಕೊಂಡು ಹೋದರೆ ನಿಮ್ಮ ಮನೆ ಶುದ್ಧ ಎಂದು ಬರುತ್ತದೆ, ವಿಷ ಎಲ್ಲಿಂದ ಬಂತೆಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಎಂಟು ದಿನ ಕಸ ಹೊಡೆಯಬಾರದು. ನನ್ನ ಮೇಲೆ ನಂಬಿಕೆ ಸಾಲದೆ ನಮ್ಮ ಕಸಬರಿಗೆಯನ್ನೇ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಕಸಬರಿಗೆ ಅಂದರೆ ಲಕ್ಷ್ಮಿ, ಅದನ್ನು ಹೊರಗೆ ಒಯ್ದರೆಂದು ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಐದನೆಯ ದಿನ ನೇಸರಗಿಯಿಂದ ನಾದಿನಿ ಬಂದಳು. ನೆಲದ ಮೇಲೆ ಹೆಜ್ಜೆ ಮೂಡುತ್ತಿದ್ದವು. "ಅಣ್ಣಗ ಬ್ಯಾರೆ ಹೆಂಡ್ತಿ ನೋಡೂಣೇನವ್ವಾ?" ಎಂದಳು ಅತ್ತೆಗೆ, ನನಗೆ ಕೇಳುವಂತೆ. ನನಗೆ ಆ ಮಾತಿಗಿಂತ ಹೆಚ್ಚು ಚುಚ್ಚಿದ್ದು ಅಂಬೆಗಾಲಿಡುವ ಮಗಳ ಅಂಗೈ. ಬೂದುಬಣ್ಣದ ಆ ಅಂಗೈ ಬಾಯಿಗೆ ಹೋಗುವ ಮೊದಲು ನಾನು ಓಡಬೇಕಿತ್ತು. ದಿನಕ್ಕೆ ಎಷ್ಟು ಸಲ ಒರೆಸಿದೆನೋ.

ಒಂಬತ್ತನೆಯ ದಿನ ಅಕ್ಕೋರು ಬಂದು ಕಸಬರಿಗೆ ಅತ್ತೆಯ ಕೈಗೇ ಕೊಟ್ಟರು. ಒಂದೊಂದು ಕೋಣೆಯ ಧೂಳನ್ನು ಬೇರೆ ಬೇರೆ ಬಾಟಲಿಗೆ ಕುಂಚದಿಂದ ಸರಿಸಿಕೊಂಡರು. ಕೆಲವು ವಾರದ ಮೇಲೆ ಮತ್ತೆ ಬಂದು, ಮಗಳು ಮಲಗುವ ಮೂಲೆಯ ಬಾಟಲಿಯಲ್ಲೇ ಎಲ್ಲಕ್ಕಿಂತ ಹೆಚ್ಚು ಬಂದಿದೆ ಎಂದರು. ಅಲ್ಲಿದ್ದ ಗಾದಿಯ ಹೊಲಿಗೆ ಬಿಚ್ಚಿದೆವು. ಹಳದಿ, ಕೆಂಪು, ಕರಿ, ಹಳೆಯ ಗಾಡಿಗಳ ಸೀಟು ಕತ್ತರಿಸಿ ತುಂಬಿದ ಫೋಮಿನ ಚೂರು, ಹಿಚುಕಿದರೆ ಪುಡಿ. ಕಿತ್ತೂರಿನ ಹೆದ್ದಾರಿ ಪಕ್ಕ, ಬೆಣ್ಣೆಯಂತೆ ಮೆತ್ತಗಿದೆ ಎಂದು ಒತ್ತಿ ಒತ್ತಿ ನೋಡಿ ತಂದವಳು ನಾನೇ. ಬಾಣಂತನದಿಂದಲೂ ಅವಳನ್ನು ಮಗ್ಗುಲಲ್ಲಿಟ್ಟುಕೊಂಡು ಅದರ ಮೇಲೇ ಮಲಗಿದ್ದೆ.

ಅಕ್ಕೋರು ಒಂದು ಮಾತು ಬೈಯಲಿಲ್ಲ. ಅದಕ್ಕೇ ನನಗೆ ಅಳು ಬಂತು. ಕೂಸಿಗೆ ಏನೂ ಆಗೂದಿಲ್ಲ ಅಂತ ಒಂದು ಮಾತು ಹೇಳ್ರಿ ಎಂದು ಕೈಹಿಡಿದು ಕೇಳಿದೆ.

"ನನಗ ಗೊತ್ತಿಲ್ಲ ತಂಗಿ. ಗೊತ್ತಿಲ್ಲದ್ದನ್ನ ಹೆಂಗ ಹೇಳ್ಲಿ? ನನ್ನ ರಕ್ತದಾಗೂ ಐತಿ ಇದು. ಇನ್ನ ಮ್ಯಾಲ ಕಡಿಮಿ ಆಕ್ಕೋತ ಹೋಗತೈತಿ, ಆದ್ರ ಸಾವಕಾಶ, ವರ್ಷಗಟ್ಲೆ."

ಮಗಳಿಗೆ ಐದು ತುಂಬಿದ ಮೇಲೆ ಅವಳ ರಕ್ತವನ್ನೂ ನೋಡೋಣ, ಅವಳ ನರ ಸಣ್ಣವು, ರಕ್ತ ನಾನೇ ಬಂದು ತೆಗೆಯುತ್ತೇನೆ ಎಂದಿದ್ದರು ಅಕ್ಕೋರು. ಬರಲಿಲ್ಲ. ಹೋದ ಚಳಿಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು. ಸುದ್ದಿ ಕೇಳಿ ಅತ್ತೆ ಆ ದಿನ ಒಲೆ ಹಚ್ಚಲಿಲ್ಲ.

ಹೋದ ವಾರ ಮಗಳ ರಕ್ತ ತೆಗೆದುಕೊಳ್ಳಲು ಪ್ರಯೋಗಾಲಯದಿಂದ ಬೇರೊಬ್ಬ ಹುಡುಗಿ ಬಂದಳು. ಗಾದಿ ಹೋಗಿದೆ, ಮಗಳು ಜಿಗಿದಾಡುತ್ತಾಳೆ, ಈಗೇಕೆ ಕೆದಕುವುದು ಎಂದರು ಯಜಮಾನರು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಬೇಡ ಎಂದಿದ್ದರೆ ಆ ಹುಡುಗಿ ಮರುಮಾತಿಲ್ಲದೆ ಹೋಗುತ್ತಿದ್ದಳು.

ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡೆ. ಅವಳ ತೋಳು ನಾನೇ ಹಿಡಿದೆ. ಹೆದರಿಕೆ ಹೋಗಿರಲಿಲ್ಲ, ಹೆದರುತ್ತಲೇ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದೆ.