ಮೊದಲ ನೀರು

ಗಂಜಿ ಹಾಕಿದ ಹತ್ತಿ ಬಟ್ಟೆಗೆ ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದಾಗ ಒಂದು ವಾಸನೆ ಏಳುತ್ತದೆ. ಅನ್ನ ತಳ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುವಂಥ ವಾಸನೆ. ಈ ವರ್ಷ ಜನವರಿಯ ಮೊದಲ ಶನಿವಾರ ಜೆಪ್ಪುವಿನ ನಮ್ಮ ಮನೆಯಲ್ಲಿ ಊಟದ ಮೇಜಿಗೆ ಕಂಬಳಿ ಹಾಸಿಕೊಂಡು ಇಗರ್ಜಿಯ ಬಲಿಪೀಠದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಸಣ್ಣಪುಟ್ಟ ಉಪಕಾರಗಳನ್ನು ಎಣಿಸಿ ದೇವರಿಗೆ ವಂದನೆ ಹೇಳುವುದು ನನ್ನ ಅಭ್ಯಾಸ. ಕರೆಂಟು ಹೋಗಿರಲಿಲ್ಲ, ಮೊಣಕಾಲಿನ ನೋವು ಕಡಿಮೆ ಇತ್ತು, ಮಗಳು ಬೆಳಿಗ್ಗೆಯೇ ಫೋನ್ ಮಾಡಿ ನಗುತ್ತಾ ಮಾತಾಡಿದ್ದಳು... ಅಷ್ಟರಲ್ಲಿ ಆ ವಾಸನೆ ಬಂತು, ಎಣಿಕೆ ತಪ್ಪಿತು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವರು ನೆನಪಾದರು.

ಅವರನ್ನು ಎಲ್ಲರೂ ‘ಆಲ್ತಾರ್ ಬಾಯಿ’ ಎಂದೇ ಕರೆಯುತ್ತಿದ್ದರು. ನಮ್ಮ ಕೊಂಕಣಿಯಲ್ಲಿ ಬಲಿಪೀಠಕ್ಕೆ ಆಲ್ತಾರ್ ಎನ್ನುತ್ತೇವೆ, ಹಿರಿಯ ಹೆಂಗಸಿಗೆ ಬಾಯಿ ಎನ್ನುತ್ತೇವೆ. ಪೂಜೆಗೆ ಬಳಸಿದ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವುದು ಅವರ ಸೇವೆ. ಗಂಡ ಹಂಚಿನ ಕಾರ್ಖಾನೆಯಲ್ಲಿದ್ದವರು, ಬೇಗ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸು. ನಕ್ಕರೆ ರಸ್ತೆಯಾಚೆ ಕೇಳಿಸಬೇಕು. ಪೂಜೆಗೆ ಬಂದರೆ ಹಿಂದಿನ ಬೆಂಚಿನಲ್ಲೇ ಕೂರುವವರು.

ಮುಂದಿನ ಬೆಂಚಿನಲ್ಲಿ ಕೂರುವವರು ನನ್ನ ಅತ್ತೆ. ಟೀಚರ್ ಆಗಿ ನಿವೃತ್ತರಾದವರು. ಮಳೆ ಬರಲಿ, ಜ್ವರ ಬರಲಿ, ಬೆಳಗಿನ ಪೂಜೆ ತಪ್ಪಿಸಿದವರಲ್ಲ. ಬಲಿಪೀಠದ ಬಟ್ಟೆಯ ಮೇಲೆ ಅವರಿಗೆ ಒಂದು ಕಣ್ಣು. ಪೂಜೆ ಮುಗಿದು ಹೊರಗೆ ಬಂದದ್ದೇ ಬಾಯಿಯನ್ನು ನಿಲ್ಲಿಸಿ ಕೇಳುತ್ತಿದ್ದರು.

“ಎಂತ ಬಾಯಿ, ಇವತ್ತು ಎಡಬದಿಯಲ್ಲಿ ಒಂದು ಸುಕ್ಕು ಉಂಟಲ್ಲ?”

“ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ರೆ ಸುಕ್ಕು ಕಾಣ್ಲಿಕ್ಕಿಲ್ಲ ಟೀಚರ್,” ಎಂದು ಬಾಯಿ ನಗುತ್ತಾ ಹೋಗಿಬಿಡುತ್ತಿದ್ದರು. ಅತ್ತೆಯ ಮುಖ ಮನೆಗೆ ಬಂದ ಮೇಲೂ ಬಿಗಿದೇ ಇರುತ್ತಿತ್ತು.

ಅಂಥ ಅತ್ತೆಗೆ ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಎಡಗೈಯಲ್ಲಿ ಮಾತ್ರ ಎಲ್ಲ ಶಕ್ತಿಯೂ ಉಳಿದಿತ್ತು. ಆ ಕೈಯಲ್ಲಿ ಹೊದಿಕೆಯನ್ನು ಎದೆಗೆ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಮೈ ತೊಳೆಯಲು ಯಾರು ಹತ್ತಿರ ಹೋದರೂ ಅದೇ. ಹೋಂ ನರ್ಸ್ ಒಬ್ಬಳು ಬಂದು ಕೆಲವು ದಿನ ನೋಡಿ ಬಿಟ್ಟುಹೋದಳು. ನನ್ನ ಗಂಡ ಆಗ ಮಸ್ಕತ್‌ನಲ್ಲಿದ್ದರು, ಮಗಳು ಇನ್ನೂ ಸಣ್ಣವಳು. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಮಂಚದ ಪಕ್ಕದಲ್ಲಿ ನಿಂತರೆ, ಅತ್ತೆ ಹಲ್ಲು ಕಚ್ಚಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಎಳೆದು ತೊಳೆಯುವ ಧೈರ್ಯ ನನಗೆ ಬರಲಿಲ್ಲ. ಜೀವನವಿಡೀ ಸೀರೆಯ ಸೆರಗಿಗೆ ಪಿನ್ನು ಹಾಕದೆ ಬಾಗಿಲಿಗೂ ಬಾರದ ಹೆಂಗಸು ಅವರು.

ಬೆನ್ನಿನಲ್ಲಿ ಹುಣ್ಣಾಯಿತು. ಡಾಕ್ಟರು ನೋಡಿ, ದಿನಾ ತೊಳೆದು ಚೊಕ್ಕ ಮಾಡದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ ಎಂದರು. ಊರಾಚೆ ಸಿಸ್ಟರ್‌ಗಳು ನಡೆಸುವ ಒಂದು ಆಶ್ರಮದಲ್ಲಿ ಜಾಗ ಕೇಳಿದೆವು. ಜನವರಿಯಲ್ಲಿ ಬರುವ ಮೂರು ರಾಯರ ಹಬ್ಬ ಕಳೆದ ಮೇಲೆ ಕರೆತನ್ನಿ ಎಂದರು. ಅವರೇನೋ ಪ್ರೀತಿಯಿಂದಲೇ ಹೇಳಿದ್ದು. ಆದರೆ ಅತ್ತೆ ಗಟ್ಟಿಯಿದ್ದಾಗ ನನ್ನ ಹತ್ತಿರ ಒಂದೇ ಒಂದು ಮಾತು ಕೇಳಿಕೊಂಡಿದ್ದರು. ಈ ಮನೆಯಲ್ಲಿ, ಈ ಯೇಸುವಿನ ಪಟದ ಕೆಳಗೇ ಕಣ್ಣು ಮುಚ್ಚಬೇಕು, ಬೇರೆಲ್ಲಿಗೂ ಕಳಿಸಬೇಡ ಎಂದು. ಆ ಡಿಸೆಂಬರ್‌ನಲ್ಲಿ ನಾನು ಕ್ರಿಸ್ಮಸ್ಸಿನ ಗೋದಲಿ ಕಟ್ಟಲಿಲ್ಲ. ಸಂಜೆಯ ಜಪಸರ ಅರ್ಧಕ್ಕೇ ನಿಲ್ಲುತ್ತಿತ್ತು. ತುಟಿ ಪ್ರಾರ್ಥನೆ ಹೇಳುತ್ತಿತ್ತು, ಒಳಗೆ ಏನೂ ಇರಲಿಲ್ಲ... ಖಾಲಿ ಕೊಡದಲ್ಲಿ ಕೈ ಆಡಿಸಿದ ಹಾಗೆ.

ನಮ್ಮ ಇಗರ್ಜಿಯ ಮಹಿಳೆಯರ ಸಂಘದಲ್ಲಿ ಹೊಸವರ್ಷದ ಮೊದಲ ಭಾನುವಾರಕ್ಕೆ ಒಂದು ಪದ್ಧತಿ ಇದೆ. ಕಾಯಿಲೆಯವರು ಇರುವ ಮನೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಹಿತ್ತಾಳೆಯ ಪಾತ್ರೆಗೆ ಹಾಕುತ್ತಾರೆ. ಪ್ರತಿಯೊಬ್ಬಳೂ ಒಂದು ಎತ್ತಬೇಕು. ಎತ್ತಿದ ಮನೆಯ ಕಾಯಿಲೆಯವರ ಆರೈಕೆ ಆ ವರ್ಷವಿಡೀ ಅವಳದ್ದು. ಬದಲಿಸುವ ಹಾಗಿಲ್ಲ. ಆ ದಿನ ನಾನು ಹೋಗಿರಲಿಲ್ಲ. ಪಕ್ಕದ ಮನೆಯವರು ಬಂದು ಹೇಳಿದರು, ನಮ್ಮ ಮನೆ ಬಂದದ್ದು ಆಲ್ತಾರ್ ಬಾಯಿಗೆ ಎಂದು. “ಎಲ್ಲರೂ ನಗಾಡಿದ್ದೇ ನಗಾಡಿದ್ದು ಮಾರಾಯ್ತಿ. ಇನ್ನು ಟೀಚರ್ ಬಾಯಿಯ ಸುಕ್ಕು ತೆಗೀತಾರೋ, ಬಾಯಿ ಟೀಚರ್‌ದು ತೆಗೀತಾರೋ ಅಂತ!”

ನನಗೆ ನಗು ಬರಲಿಲ್ಲ. ಊರಿನ ಅಷ್ಟು ಹೆಂಗಸರಲ್ಲಿ ಅತ್ತೆ ಯಾರೆದುರು ಈ ಸ್ಥಿತಿಯಲ್ಲಿ ಕಾಣಿಸಿಕೊಳ್ಳಲು ಒಪ್ಪಲಾರರೋ, ಅವರೇ ಬರುವವರಿದ್ದರು.

ಮರುದಿನ ಬೆಳಿಗ್ಗೆಯೇ ಬಂದರು. ಕೈಯಲ್ಲಿ ಒಂದು ಚೀಲ, ಅದರೊಳಗೆ ಒಗೆದು ಒಗೆದು ಮೆತ್ತಗಾದ ಹತ್ತಿಬಟ್ಟೆಯ ತುಂಡುಗಳು. ಅತ್ತೆ ಅವರನ್ನು ನೋಡಿದ್ದೇ ಗೋಡೆಯ ಕಡೆ ತಿರುಗಿದರು. ಎಡಗೈ ಹೊದಿಕೆಯನ್ನು ಹಿಡಿಯಿತು. ಗೆಣ್ಣುಗಳು ಬಿಳಚಿಕೊಂಡವು. ಬಾಯಿ ಹೊದಿಕೆಗೆ ಕೈ ಹಾಕಲಿಲ್ಲ. ಬಗ್ಗಿ ಹಾಸಿಗೆಯನ್ನು ನೋಡಿದರು, ಅಂಗೈಯಿಂದ ಸವರಿದರು.

“ಎಂತ ಟೀಚರ್, ಇಷ್ಟು ಸುಕ್ಕು ಉಂಟು ನಿಮ್ಮ ಅಡಿಯಲ್ಲಿ! ನನಗೆ ಮಾತ್ರ ಹೇಳ್ತಿದ್ರಿ ಅಲ್ವಾ?”

ಅತ್ತೆಯ ಕಿವಿ ಕೆಂಪಾಯಿತು. ಬಾಯಿ ಅದನ್ನು ಕಂಡರೂ ಕಾಣದ ಹಾಗೆ ನನ್ನ ಕಡೆ ತಿರುಗಿದರು.

“ಎರಡು ಪಾತ್ರೆ ತಾ ಮಗಾ. ಎರಡರಲ್ಲೂ ಬೆಚ್ಚಗಿನ ನೀರು. ಒಂದಕ್ಕೆ ಸೋಪು ಗೀಪು ಎಂತದೂ ಹಾಕ್ಬೇಡ, ಬರೀ ನೀರು.” ನಾನು ತಂದಿಟ್ಟ ಮೇಲೆ, ನನಗಲ್ಲ, ಗೋಡೆಗೆ ಹೇಳಿದ ಹಾಗೆ ಮೆಲ್ಲಗೆ ಹೇಳಿದರು. “ಈ ಮೊದಲ ನೀರು ಬಾತ್‌ರೂಮಿಗೆ ಬಿಡ್ಲಿಕ್ಕಿಲ್ಲ. ಅಂಗಳದಲ್ಲಿ ಮಲ್ಲಿಗೆ ಗಿಡ ಉಂಟಲ್ಲ, ಅದರ ಬುಡಕ್ಕೆ.”

ಅದರ ಅರ್ಥ ನನಗಾಗಲಿಲ್ಲ. ಅತ್ತೆಗಾಯಿತು.

ರಸ್ತೆಯಲ್ಲಿ ಮೀನಿನವಳ ಕೂಗು ಹತ್ತಿರ ಬಂದು ದೂರವಾಯಿತು. ಬಾಯಿ ಅವಸರ ಮಾಡದೆ ನೀರಿನಲ್ಲಿ ಬಟ್ಟೆ ಅದ್ದಿ ಹಿಡಿದುಕೊಂಡು ಕುಳಿತಿದ್ದರು. ಆಮೇಲೆ ಅತ್ತೆ ನಿಧಾನವಾಗಿ ಈ ಕಡೆ ಮುಖ ತಿರುಗಿಸಿ ಬಾಯಿಯನ್ನು ನೋಡಿದರು. ಆ ನೋಟವನ್ನು ನಾನು ಅವರಲ್ಲಿ ಇಗರ್ಜಿಯಲ್ಲಿ ಮಾತ್ರ ಕಂಡಿದ್ದೆ, ಗುರುಗಳು ಯೇಸುವಿನ ಶರೀರವಾದ ಪ್ರಸಾದವನ್ನು ಮೇಲೆತ್ತಿ ಹಿಡಿಯುವ ಹೊತ್ತಿನಲ್ಲಿ... ಹೊದಿಕೆ ಹಿಡಿದ ಬೆರಳುಗಳು ಸಡಿಲವಾದವು. ಕೈ ಹಾಸಿಗೆಯ ಮೇಲೆ ಅಂಗಾತ ಬಿತ್ತು.

ಬಾಯಿ ತೊಳೆದ ರೀತಿ ಇಂದಿಗೂ ಕಣ್ಣೆದುರಿಗಿದೆ. ಉಜ್ಜಲಿಲ್ಲ. ಒದ್ದೆ ಬಟ್ಟೆಯನ್ನು ಇಟ್ಟು, ಒತ್ತಿ, ತೆಗೆದು, ಮತ್ತೆ ಅದ್ದುತ್ತಿದ್ದರು. ತೊಳೆದಷ್ಟು ಭಾಗವನ್ನು ಕೂಡಲೇ ಮುಚ್ಚುತ್ತಿದ್ದರು. ಮೈಯ ಯಾವ ಭಾಗವೂ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿರಲಿಲ್ಲ. ಹುಣ್ಣಿನ ಹತ್ತಿರ ಬಂದಾಗ ಮಾತ್ರ ತುಟಿ ಅಲುಗುತ್ತಿತ್ತು, ಪ್ರಾರ್ಥನೆಯೋ ಏನೋ. ಅತ್ತೆಯ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು. ಬಾಯಿ ಅದನ್ನೂ ಅದೇ ಬಟ್ಟೆಯಿಂದ ಒತ್ತಿ, ಅದೇ ನೀರಿಗೆ ಅದ್ದಿದರು. ಆಮೇಲೆಯೇ ಸೋಪಿನ ನೀರು, ಔಷಧ, ಪೌಡರು ಎಲ್ಲ.

ಪಾತ್ರೆ ಹಿಡಿದುಕೊಂಡು ನಾನು ಅಂಗಳಕ್ಕೆ ಹೋದೆ, ಬಾಯಿ ಹಿಂದೆಯೇ ಬಂದರು. ಎತ್ತರದಿಂದ ಚೆಲ್ಲಬೇಡ, ಬಗ್ಗಿ ಬಿಡು ಎಂದರು. ಮಣ್ಣು ಆ ನೀರನ್ನು ಕುಡಿದ ಮೇಲೆ ಕೇಳಿದೆ, ಇದೆಂಥ ಕ್ರಮ ಎಂದು.

“ಪೂಜೆಯಲ್ಲಿ ಪಾತ್ರೆ ಒರೆಸುವ ಬಟ್ಟೆ ಉಂಟಲ್ಲ, ಅದರಲ್ಲಿ ಪರಮಪ್ರಸಾದದ ಒಂದು ಕಣ ಆದ್ರೂ ಇರ್ಬಹುದು. ಅದಕ್ಕೇ ಮೊದಲು ಬರೀ ನೀರಲ್ಲಿ ಅದ್ದಿ, ಆ ನೀರನ್ನು ಮಣ್ಣಿಗೆ ಬಿಡುವುದು. ಚರಂಡಿಗೆ ಹೋಗ್ಲಿಕ್ಕಿಲ್ಲ.”

“ಅದು ಬಟ್ಟೆಗೆ ಬಾಯಿ... ಇದು ಮಾಂಯ್ ಅಲ್ವಾ?” ಎಂದೆ. ಅತ್ತೆಗೆ ನಾವು ಮಾಂಯ್ ಎನ್ನುತ್ತೇವೆ.

ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು. “ಹೌದು, ನಿನ್ನ ಮಾಂಯ್. ಎಷ್ಟು ವರ್ಷದಿಂದ ದಿನಾಲೂ ಪ್ರಸಾದ ತೆಗೊಂಡವರು! ಬರೀ ತಾಗಿದ ಬಟ್ಟೆಗೆ ಅಷ್ಟು ಮರ್ಯಾದೆ ಕೊಡ್ತೇವೆ, ಒಳಗೆ ಇಟ್ಟುಕೊಂಡವರಿಗೆ ಬೇಡ್ವಾ?” ಎಂದು ಹೇಳಿ, ಸೆರಗಿಗೆ ಕೈ ಒರೆಸಿಕೊಂಡು, “ಚಾ ಉಂಟಾ? ಕ್ರಿಸ್ಮಸ್ಸಿನ ನೆವ್ರಿ ಉಳಿದಿದ್ರೆ ಅದನ್ನೂ ತಾ,” ಎಂದು ಒಳಗೆ ಹೋದರು.

ನಾನು ಖಾಲಿ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಇಗರ್ಜಿಯಲ್ಲಿ ಗಂಟೆ ಬಾರಿಸಿದಾಗ ಮೊಣಕಾಲೂರುತ್ತೇವಲ್ಲ, ಆ ಒದ್ದೆ ಮಣ್ಣಿನ ಎದುರು ಹಾಗೇ ಊರಬೇಕು ಎನಿಸಿತು. ಸಣ್ಣಂದಿನಿಂದ ಧರ್ಮೋಪದೇಶ ಕೇಳಿದವಳು ನಾನು. ದೇಹ ದೇವರ ಆಲಯ ಎಂದು ಬಾಯಿಪಾಠ ಒಪ್ಪಿಸಿದ್ದೇನೆ. ಆ ಆಲಯ ನನ್ನ ಮನೆಯ ಒಳಕೋಣೆಯಲ್ಲಿ ಹುಣ್ಣಾಗಿ, ವಾಸನೆ ಬಂದು ಮಲಗಿದೆ ಎಂದು ನನಗೆ ಆವರೆಗೆ ಹೊಳೆದಿರಲಿಲ್ಲ. ಒಳಗೆ ಬಾಯಿಯ ನಗು ಕೇಳಿಸಿತು. ಅದರ ಜೊತೆ ಇನ್ನೊಂದು ಸ್ವರ, ತೊದಲಿದಂಥದ್ದು... ಮಾತು ನಿಂತ ಮೇಲೆ ಅತ್ತೆ ನಕ್ಕದ್ದು ಅದೇ ಮೊದಲು.

ಆಶ್ರಮದ ಜಾಗ ಬೇರೆ ಯಾರಿಗೋ ಹೋಯಿತು. ಬಾಯಿ ವಾರದಲ್ಲಿ ಕೆಲವು ದಿನ ಬರುತ್ತಿದ್ದರು, ಉಳಿದ ದಿನ ನಾನೇ ತೊಳೆಯುತ್ತಿದ್ದೆ. ಅತ್ತೆ ಬಿಡುತ್ತಿದ್ದರು. ಮೊದಲ ನೀರು ಮಲ್ಲಿಗೆಗೆ ಹೋಗುತ್ತದೆ ಎಂಬುದು ಖಾತ್ರಿಯಾದರೆ ಸಾಕು, ಕಣ್ಣು ಮುಚ್ಚಿ ಮಲಗುತ್ತಿದ್ದರು. ಹುಣ್ಣು ಪೂರ್ತಿ ಮಾಯಲಿಲ್ಲ, ಆದರೆ ಒಣಗುತ್ತಾ ಬಂತು. ಬಾಯಿ ಹಾಸಿಗೆ ಹಾಸುವಾಗ ಅತ್ತೆ ಎಡಗೈ ಬೆರಳಿನಿಂದ ಒಂದು ಸುಕ್ಕು ತೋರಿಸುತ್ತಿದ್ದರು. ಬಾಯಿ ಬೈಯುತ್ತಿದ್ದರು. ಇಬ್ಬರೂ ನಗುತ್ತಿದ್ದರು. ನನ್ನ ಜಪಸರ ಯಾವ ದಿನದಿಂದ ಮತ್ತೆ ಕೊನೆಯ ಮಣಿಯವರೆಗೆ ಹೋಗತೊಡಗಿತು ಎಂದು ಗೊತ್ತಾಗಲಿಲ್ಲ. ಗಮನಿಸಿದಾಗ ಹೋಗುತ್ತಿತ್ತು, ಅಷ್ಟೆ.

ಆ ವರ್ಷವೇ, ಮಳೆ ಕಳೆದ ಮೇಲೆ ಒಂದು ಬೆಳಿಗ್ಗೆ, ಅತ್ತೆ ತಾವು ಬಯಸಿದ ಪಟದ ಕೆಳಗೇ ಹೋದರು. ಕೊನೆಯ ಸಲ ತೊಳೆದದ್ದು ಬಾಯಿ ಮತ್ತು ನಾನು.

ಬಾಯಿಗೆ ಮಾತ್ರ ಅಂಥ ಸಾವು ಸಿಗಲಿಲ್ಲ. ಕೊರೋನಾ ಸಮಯದಲ್ಲಿ ಉಸಿರು ಕಟ್ಟಿ ಆಸ್ಪತ್ರೆಗೆ ಹೋದವರು ಹಿಂದೆ ಬರಲಿಲ್ಲ. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮೈಯಿಡೀ ಪ್ಲಾಸ್ಟಿಕ್ ತೊಟ್ಟ ನಾಲ್ಕು ಜನ ಒಂದು ಗಂಟು ತಂದರು, ಇಳಿಸಿದರು, ಹೋದರು. ನಾವು ಸ್ಮಶಾನದ ಗೇಟಿನ ಹೊರಗೆ ನಿಂತು ಪ್ರಾರ್ಥನೆ ಹೇಳಿದೆವು. ಎಷ್ಟು ಮನೆಗಳಲ್ಲಿ ಎಷ್ಟು ಜನರ ಮೈ ತೊಳೆದು ಕಳಿಸಿದ ಹೆಂಗಸು... ಅವರನ್ನು ತೊಳೆದವರು ಯಾರು? ಒಂದು ಒದ್ದೆ ಬಟ್ಟೆಯಾದರೂ ಆ ಮುಖಕ್ಕೆ ತಾಗಿತೇ? ಅವರ ಕೆಲಸವನ್ನು ನಾನು ವಹಿಸಿಕೊಂಡೆ. ಬಟ್ಟೆ ಅದ್ದುವಾಗೆಲ್ಲ ಈ ಪ್ರಶ್ನೆ ಬರುತ್ತಿತ್ತು. ಉಳಿದ ವಿಷಯದಲ್ಲಿ ದೇವರ ಹತ್ತಿರ ನನಗೆ ಜಗಳವಿಲ್ಲ. ಇದೊಂದು ಇತ್ತು.

ಇಸ್ತ್ರಿ ಹಾಕಿದ ಮರುದಿನ, ಈ ವರ್ಷದ ಮೊದಲ ಭಾನುವಾರ, ಸಂಘದ ಸಭೆಯಿತ್ತು. ನಮ್ಮ ಬೀದಿಯ ಮನೆಯೊಂದಕ್ಕೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಮೊದಲ ಸಲ ಬಂದು ನನ್ನ ಪಕ್ಕದಲ್ಲಿ ಕೂತಳು. ಕುಲಶೇಖರದವಳು, ನರ್ಸ್. ನನ್ನ ಮಡಿಲಲ್ಲಿದ್ದ ಬಟ್ಟೆಯ ಕಟ್ಟು ನೋಡಿ ಕೇಳಿದಳು.

“ಆಲ್ತಾರ್ ಬಟ್ಟೆಯಾ ಆಂಟಿ? ಕೊರೋನಾದಲ್ಲಿ ನನ್ನ ಡ್ಯೂಟಿಯಲ್ಲಿ ಒಬ್ರು ಬಾಯಿ ಇದ್ರು, ಈ ಕಡೆಯವರೇ. ಆಲ್ತಾರ್ ಬಟ್ಟೆ ಒಗೆಯುವವಳು ನಾನು ಅಂತ ಹೇಳ್ತಿದ್ರು. ಉಸಿರು ಸಿಗದಿದ್ರೂ ಮಾತು ಬಿಡ್ಲಿಲ್ಲ ಆಂಟಿ ಅವರು!”

ನೀನು ಅವರ ಮೈ ಒರೆಸಿದ್ದಿಯಾ ಎಂದು ಕೇಳಿದೆ.

“ಮತ್ತೆ? ದಿನಾಲೂ. ಮುಖ, ಕೈ, ಬೆನ್ನು ಎಲ್ಲ, ಒದ್ದೆ ಹತ್ತಿಯಲ್ಲಿ. ಕೊನೆಯ ದಿನವೂ ನಾನೇ. ಈ ಹತ್ತಿಯನ್ನೆಲ್ಲ ಎಂತ ಮಾಡ್ತೀ ಮಗಾ ಅಂತ ಕೇಳಿದ್ರು. ಚೀಲಕ್ಕೆ ಹಾಕಿ ಸುಡ್ಲಿಕ್ಕೆ ಕಳಿಸ್ತಾರೆ ಬಾಯಿ, ಅಂದೆ. ಬೇಜಾರು ಮಾಡ್ತಾರೆ ಅಂತ ಹೆದರಿದೆ. ಅವರಿಗೆ ಖುಷಿ ಆಯ್ತು ಆಂಟಿ! ‘ಸುಡುವುದಾದ್ರೆ ಸರಿಯೇ ಆಯ್ತು. ಹರಿದ ಆಲ್ತಾರ್ ಬಟ್ಟೆಯನ್ನು ನಾವೂ ಬಿಸಾಡ್ಲಿಕ್ಕಿಲ್ಲ, ಸುಡುವುದೇ’ ಅಂದ್ರು. ಹೌದಾ ಆಂಟಿ, ಹಾಗೆ ಉಂಟಾ?”

ಹಾಗೆ ಉಂಟು. ಬಳಸಿ ಬಳಸಿ ಹರಿದುಹೋದ ಬಟ್ಟೆಯನ್ನು ಕಸಕ್ಕೆ ಹಾಕುವುದಿಲ್ಲ, ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸುತ್ತೇವೆ. ನನಗೆ ಅದನ್ನು ಕಲಿಸಿದವರೂ ಅವರೇ. ಮೈ ಒರೆಸಿದ ಹತ್ತಿ ಆಲ್ತಾರ್ ಬಟ್ಟೆಯಾದರೆ, ಆ ವಾರ್ಡಿನಲ್ಲಿ, ಆ ಯಂತ್ರಗಳ ನಡುವೆ ಮಲಗಿ, ತಮ್ಮ ಮೈಯನ್ನು ಅವರು ಏನೆಂದು ಎಣಿಸಿಕೊಂಡಿದ್ದರು ಎಂದು ನನಗೆ ಆಗ ಹೊಳೆಯಿತು.

ಹೌದೆಂದು ತಲೆಯಾಡಿಸಿ ಹುಡುಗಿಯ ಕೈ ಹಿಡಿದುಕೊಂಡೆ. ಪದೇಪದೇ ತೊಳೆದು ಒರಟಾದ ಕೈ, ನರ್ಸುಗಳ ಕೈ. ಬಾಯಿಯ ಮುಖವನ್ನು ಕೊನೆಯ ಸಲ ನೋಡುವುದು ನನಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಆ ಮುಖವನ್ನು ಒರೆಸಿದ ಕೈ ಮಾತ್ರ ಸಭೆ ಮುಗಿಯುವವರೆಗೂ ನನ್ನ ಕೈಯಲ್ಲಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.