ಸೀಟಿಗೆ ಎತ್ತಿದ ಕೈ

ಮಿರಜಿನಲ್ಲಿ ವರ್ಷಗಟ್ಟಲೆ ಬಾಸ್ಕೆಟ್‌ಬಾಲ್ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ನಾನು ನಾಟಕಕ್ಕೆ ಬಂದೆ. ಸಾಂಗಲಿಯಲ್ಲಿ ಮೊದಲ ಪ್ರಯೋಗ. ನನ್ನದು ಕಳ್ಳನ ಪಾತ್ರ. ಪೊಲೀಸರ ಸೀಟಿ ಕೇಳಿದ ಕೂಡಲೇ ಮೊಣಕಾಲೆತ್ತರದ ರಟ್ಟಿನ ಗೋಡೆ ದಾಟಿ ಓಡಬೇಕು. ಸೀಟಿ ಕೇಳಿತು. ನಾನು ನಿಂತಲ್ಲೇ ನಿಂತು ಬಲಗೈ ಮೇಲೆತ್ತಿದೆ. ರೆಫ್ರಿ ಸೀಟಿ ಊದಿದರೆ ಫೌಲ್ ಮಾಡಿದವನು ಹಾಗೆ ಕೈ ಎತ್ತಿ ತಪ್ಪೊಪ್ಪಿಕೊಳ್ಳುವುದು ನಮ್ಮ ಆಟದ ರೂಢಿ. ಮೈ ಅದನ್ನು ಮರೆತಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಪೊಲೀಸನ ಪಾತ್ರದವನು ಬೇರೆ ದಾರಿ ಕಾಣದೆ ನನ್ನನ್ನು ಹಿಡಿದೊಯ್ದ.

ನನಗೆ ಆಟ ಕಲಿಸಿದ ಕಾಕಾ ಮುಂದಿನ ಸಾಲಿನಲ್ಲೇ ಇದ್ದರು. ಪರದೆ ಬಿದ್ದ ಮೇಲೆ ಒಳಗೆ ಬಂದು ಬೆನ್ನು ತಟ್ಟಿದರು.

“ಎಲ್ಲಾ ಕೆಟ್ಟಹೋತರಿ ಕಾಕಾ,” ಎಂದೆ.

“ಯಾಕ? ಮೈದಾನದಾಗ ಕೈ ಎತ್ತಿಕೋತನ ರೆಫ್ರಿ ಜೋಡಿ ಜಗಳಾ ತಗೀತಿದ್ದಿ. ಇವತ್ತ ಸುಮ್ಮನ ಎತ್ತಿದಿ. ಇದಕ್ಕ ಅಂತಾರ ಆ್ಯಕ್ಟಿಂಗ್.”